ಐದು ಜೀನ್ಸ್ ತೊಟ್ಟು ಕಾಡುಬೆಕ್ಕಿನ ಮೇಲೆ ದಂಡೆತ್ತಿ ಹೋದದ್ದು

ಬೆಕ್ಕಿಗೆ ಹೆದರುವ ಗಂಡಸು ನಾನಲ್ಲ ಎಂದು ಊಟದ ತಟ್ಟೆಯ ಮುಂದೆ ಕೂತು ಘೋಷಿಸಿದೆ. ನಮ್ಮ ರಾಯದುರ್ಗದ ಕೋಟೆ ಗೆದ್ದವರೂ ಇಷ್ಟು ಜೋರಾಗಿ ಘೋಷಿಸಿರಲಿಕ್ಕಿಲ್ಲ!

ಶತ್ರು ಎಂದರೆ ಒಂದು ಕಾಡುಬೆಕ್ಕು. ಗುಡ್ಡದಿಂದ ಇಳಿದು ಬಂದು, ನಮ್ಮ ಹಿಂದಿನ ಕೋಣೆಯ ಜೀನ್ಸ್ ಚಿಂದಿಯ ರಾಶಿಯಲ್ಲಿ ಮೂರು ಮರಿ ಹಾಕಿತ್ತು. ಆ ಕೋಣೆ ನನಗೆ ತುರ್ತಾಗಿ ಬೇಕಿತ್ತು. ಶುಕ್ರವಾರ ಏಜೆಂಟ್ ಕದಿರಪ್ಪನ ಟೆಂಪೊ ಬರುವುದಿತ್ತು. ಅದರಿಂದ ಎರಡು ಹೊಲಿಗೆ ಮಷಿನ್ ಇಳಿಯುತ್ತವೆ. ಅದೇ ಟೆಂಪೊ ಹತ್ತಿ ನನ್ನ ಮಗಳು ಪವಿತ್ರ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಕೆಲಸಕ್ಕೆ ಹೋಗುತ್ತಾಳೆ. ಮಷಿನ್ ಎರಡೂ ಅವಳ ಸಂಬಳದ ಮುಂಗಡ. ಹತ್ತನೇ ತರಗತಿ ಪರೀಕ್ಷೆಗೆ ಇನ್ನೂ ಐದು ತಿಂಗಳಿತ್ತು. ಪರೀಕ್ಷೆ ಕಾಯುತ್ತದೆ, ಕದಿರಪ್ಪ ಕಾಯುವುದಿಲ್ಲ ಎಂದು ನಾನು ಲೆಕ್ಕ ಹಾಕಿದ್ದೆ.

"ಆಕೀನ ಕಳಿಸಂಗಿಲ್ರಿ" ಎಂದು ನನ್ನ ಹೆಂಡತಿ ದುರ್ಗಾ ಬಾಗಿಲಿಗೆ ಅಡ್ಡ ನಿಂತಿದ್ದಳು. ಒಂದು ವಾರ ಬುಸುಗುಟ್ಟಿದಳು.

"ಮಾತು ಕೊಟ್ಟೀನಿ, ಮುಗೀತು" ಎಂದಿದ್ದೆ. ಆಮೇಲೆ ಅವಳು ಸುಮ್ಮನಾದಳು. ಗೆದ್ದೆ ಎಂದುಕೊಂಡೆ!

ಬುಧವಾರ ಪೊರಕೆ ಹಿಡಿದು ಮೊದಲ ದಾಳಿ. ಬೆಕ್ಕು ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ, ಮೈಕೂದಲು ನಿಮಿರಿಸಿ, ಇದ್ದದ್ದಕ್ಕಿಂತ ಎರಡರಷ್ಟಾಯಿತು. ಹಲ್ಲು ಕಿರಿದು ನನ್ನ ಮುಖಕ್ಕೆ ಉಗಿಯಿತು. ನಾನು ಪೊರಕೆಯನ್ನು ಅಲ್ಲೇ ಬಿಟ್ಟು ಹೊರಬಂದೆ.

"ಅದರ ಬೆನ್ನು ಗ್ವಾಡಿಗೆ ಹತ್ತೈತಿ. ಹಿಂದ ಮರಿ ಅದಾವು. ಇನ್ನ ಅದು ಹೆದರಂಗಿಲ್ರಿ" ಎಂದಳು ದುರ್ಗಾ.

"ನೀನೇನು ಬೆಕ್ಕಿನ ವಕೀಲಳಾ?"

ಗುರುವಾರ ಪಕ್ಕದ ಮನೆಯ ಈರಕ್ಕನ ನಾಯಿಯನ್ನು ತಂದೆ. ಓಡಿಹೋಗದಿರಲಿ ಎಂದು ಹಗ್ಗವನ್ನು ನನ್ನ ಮುಂಗೈಗೇ ಬಿಗಿದುಕೊಂಡೆ, ಆಹಾ ಬುದ್ಧಿಯೇ! ನಾಯಿ ನುಗ್ಗಿತು. ಬೆಕ್ಕು ಅಂಗಾತ ಬಿತ್ತು. ಸೋತಿತು ಎಂದು ಕೂಗಿದೆ. ಮರುಕ್ಷಣ ನಾಲ್ಕು ಕಾಲಿನ ಉಗುರೂ ನಾಯಿಯ ಮೂತಿಯಲ್ಲಿ! ನಾಯಿ ಓಡಿತು, ಜೊತೆಗೆ ನಾನೂ. ಹಿತ್ತಲು, ಚರಂಡಿ, ಈರಕ್ಕನ ಅಂಗಳ ಎಲ್ಲವನ್ನೂ ಹೊಟ್ಟೆಯ ಮೇಲೆ ಸುತ್ತಿಬಂದೆ.

ಶುಕ್ರವಾರ ಬೆಳಿಗ್ಗೆ ಉಪಾಯ ಹೇಳಿದವಳು ದುರ್ಗಾ. ಹೊಲಿಗೆಯ ಹೆಚ್ಚಿನ ದಾರ ಕತ್ತರಿಸಲು ಅವಳು ಜೀನ್ಸ್ ಹೊಲಿಯುವ ಯೂನಿಟ್ಟಿನಿಂದ ಮನೆಗೆ ತಂದಿದ್ದ ಹೊಸ ಜೀನ್ಸ್ ಕಟ್ಟು ಅಲ್ಲೇ ಇತ್ತು. ಮೆತ್ತಗಾಗಿಸುವ ವಾಷಿಂಗಿಗೆ ಇನ್ನೂ ಹೋಗದ ಬಟ್ಟೆ, ತಗಡಿನಷ್ಟು ಗಡುಸು.

"ಇವನ್ನ ಹಾಕ್ಕೋರಿ. ಉಗುರು ನಾಟಂಗಿಲ್ಲ."

ಕಾಲಿಗೆ ಒಂದರ ಮೇಲೊಂದು ಮೂರು, ಎರಡು ತೋಳಿಗೂ ಒಂದೊಂದು, ಸೊಂಟಪಟ್ಟಿ ಭುಜಕ್ಕೆ ಸುತ್ತಿ. ಒಟ್ಟು ಐದು! ಅವಳೇ ಎಳೆದು, ಅವಳೇ ಗುಂಡಿ ಹಾಕಿದಳು. ಕೊನೆಯ ಗುಂಡಿ ಹಾಕುವಾಗ ಎಷ್ಟೋ ದಿನಗಳ ಮೇಲೆ ಸಣ್ಣಗೆ ನಕ್ಕಳು. ನನ್ನ ಶೌರ್ಯಕ್ಕೆ ಮೆಚ್ಚಿದಳು ಎಂದು ಎದೆ ಉಬ್ಬಿಸಿದೆ.

ಕೋಣೆಯೊಳಗೆ ಎರಡು ಹೆಜ್ಜೆ ಇಟ್ಟೆ. ಮೊಣಕಾಲು ಮಡಚಲಿಲ್ಲ. ದಿಮ್ಮಿ ಉರುಳಿದಂತೆ ಉರುಳಿದೆ. ಏಳೋಣವೆಂದರೆ ಕೈಯೂ ಮಡಚದು!

"ದುರ್ಗಾ! ಏ ದುರ್ಗಾ!"

ಕತ್ತು ಹೊರಳಿಸಿ ನೋಡಿದೆ. ಬಾಗಿಲು ಮಾತ್ರ ಹಾರುಹೊಡೆದಿತ್ತು.

ಬೆಕ್ಕು ನನ್ನನ್ನು ನೋಡಿತು. ಈ ಸಲ ಉಗಿಯಲಿಲ್ಲ, ಪರಚಲಿಲ್ಲ. ಒಂದು ಮರಿಯ ಕತ್ತನ್ನು ಮೆಲ್ಲಗೆ ಕಚ್ಚಿ ಎತ್ತಿ, ನನ್ನ ಹೊಟ್ಟೆಯ ಮೇಲೆ ಹಾದು ಹೊರಗೆ ಹೋಯಿತು. ತಿರುಗಿ ಬಂತು. ಎರಡನೆಯದು. ಮತ್ತೆ ಬಂತು. ಮೂರನೆಯದನ್ನು ಒಯ್ಯುವಾಗ ನನ್ನ ಎದೆಯ ಮೇಲೆ ಒಂದು ಗಳಿಗೆ ನಿಂತಿತು. ಆ ಮರಿ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿತ್ತು. ನನಗೇಕೋ ಪವಿತ್ರ ನೆನಪಾದಳು.

ಟೆಂಪೊ ಹಾರ್ನ್ ಕೇಳಿಸಿತು. ಕದಿರಪ್ಪನೇ ಒಳಗೆ ಬಂದು ನನ್ನನ್ನು ಗೋಡೆಗೆ ನಿಲ್ಲಿಸಿದ.

"ಏಮಯ್ಯಾ ಮಾರೇಶ, ಇದೇನು ವೇಷ? ಹುಡುಗಿ ಎಲ್ಲೈತಿ?"

ಹುಡುಗಿ ಇರಲಿಲ್ಲ. ಗೂಟಕ್ಕೆ ನೇತುಹಾಕಿದ್ದ ಅವಳ ಸ್ಕೂಲ್ ಬ್ಯಾಗ್ ಇರಲಿಲ್ಲ. ದುರ್ಗಾಳ ಎರಡು ಸೀರೆಯೂ ಇರಲಿಲ್ಲ. ಅವಳ ಅಕ್ಕನ ಮನೆ ಮಡಕಶಿರಾ ಕಡೆ ಗುಡಿಬಂಡೆಯಲ್ಲಿದೆ. ಆದರೆ ಅಲ್ಲಿಗೇ ಹೋದಳೋ, ಬೇರೆಲ್ಲಿಗೋ!

ಮೂತಿಗೆ ಅರಿಶಿನ ಮೆತ್ತಿದ ನಾಯಿಯ ಜೊತೆ ಈರಕ್ಕ ಬಾಗಿಲಲ್ಲಿ ನಿಂತಿದ್ದಳು.

"ಎತ್ಲಾಗ ಹೋದ್ರು ಈರಕ್ಕ?"

"ಬೆಕ್ಕು ಮರಿ ಎಲ್ಲಿಗೆ ಒಯ್ತು ಅಂತ ನಿನಗ ಹೇಳಿ ಹೋತೇನು?"

ಕದಿರಪ್ಪ ಬೈಯುತ್ತ ಹೋದ. ಮಷಿನ್‌ಗಳು ಬಂದ ಹಾಗೆಯೇ ಹಿಂತಿರುಗಿದವು. ನಾನು ಬಯಸಿದಂತೆ ಕೋಣೆ ಖಾಲಿಯಾಗಿತ್ತು. ಮನೆಯೂ ಖಾಲಿಯಾಗಿತ್ತು. ನಾಚಿಕೆಯಿಂದ ಮುಖ ಮುಚ್ಚಿಕೊಳ್ಳೋಣವೆಂದರೆ ಕೈ ಮುಖದವರೆಗೆ ಬರುತ್ತಿರಲಿಲ್ಲ.

"ಈರಕ್ಕಾ, ಈ ತೋಳಿನ ಗುಂಡಿಯಾದ್ರೂ ಬಿಚ್ಚವ್ವ" ಎಂದು ಅಂಗಲಾಚಿದೆ.

ಅವಳು ನಾಯಿಯ ಮೂತಿ ನೋಡಿದಳು, ನನ್ನ ಮೂತಿ ನೋಡಿದಳು.

"ಹಾಕಿದಾಕೀನ ಬಂದು ಬಿಚ್ಚಲಿ. ಹತ್ತನೇ ಪರೀಕ್ಷೆ ಮುಗಿದ ಮ್ಯಾಲೆ ಬರ್ತಾಳ, ನಿಂತಿರು!"