ಹುಣಸೆಹಣ್ಣಿನಲ್ಲಿ ಬೆಳಗಿದ ಹಲ್ಲು

ಮಗಳ ಮದುವೆ ಮುಗಿದು, ಸಾಲಿಗ್ರಾಮದ ಬೀಗರಿಂದ ಬಾಡೂಟಕ್ಕೆ ಕರೆ ಬಂದಾಗಲೇ ನಾನು ಶಪಥ ಮಾಡಿಬಿಟ್ಟೆ. ಆ ಚಪ್ಪರದಡಿ ನಾನು ನಕ್ಕರೆ ಲೈಟು ಹಾಕುವ ಕೆಲಸವೇ ಇರಬಾರದು! ಮದುವೆ ಫೋಟೋದಲ್ಲಿ ನನ್ನ ಎಲೆಅಡಿಕೆ ಹಲ್ಲು ಕಂಡು ನಾನೇ ಬೆಚ್ಚಿಬಿದ್ದಿದ್ದೆ.

ದಾರಿ ತೋರಿಸಿದ್ದು ಹೆಂಡತಿ ಭಾಗ್ಯ, ಅವಳಿಗೇ ಗೊತ್ತಿಲ್ಲದೆ. ಹಿತ್ತಲಲ್ಲಿ ಕೂತು ಕಪ್ಪಾದ ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜುತ್ತಿದ್ದಳು. ನೋಡನೋಡುತ್ತಲೇ ಚೊಂಬು ಫಳಫಳ! ಚೊಂಬಿಗಾದದ್ದು ಹಲ್ಲಿಗಾಗದೇ? ಅಂದಿನಿಂದ ಬೆಳಿಗ್ಗೆ ಸಂಜೆ ಬಚ್ಚಲಲ್ಲಿ ನನ್ನ ಮಹಾಯಜ್ಞ. ಹುಣಸೆಹಣ್ಣು, ಉಪ್ಪು, ಹೆಚ್ಚಿನ ಹೊಳಪಿಗೆ ನಿಂಬೆರಸ! ಹಲ್ಲು ಜುಮ್ಮೆಂದಾಗಲೆಲ್ಲ ಕೊಳೆ ಬಿಡುತ್ತಿದೆ ಎಂದು ಹಿಗ್ಗಿದೆ.

"ಏನ್ರೀ, ಡಬ್ಬದಾಗಿದ್ದ ಉಣಸೆಣ್ಣು ಏನಾಯ್ತು?"

"ಇಲಿ ತಿಂದಿರ್ಬೇಕು ಕಣೆ."

"ಉಣಸೆಣ್ಣು ತಿನ್ನೋ ಇಲಿನಾ? ಬಸುರಿ ಇಲಿ ಇರ್ಬೇಕು ಬುಡಿ!"

ಊಟದ ದಿನ ಬೀಗ ನಂಜಣ್ಣನವರು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಮೂಳೆ ಸಮೇತ ಮಟನ್ ಹಾಕಿಸಿದರು. ಮೊದಲ ತುಂಡು ಕಚ್ಚಿದೆ. ಅಯ್ಯಯ್ಯಪ್ಪೋ! ಕರೆಂಟು ಹೊಡೆದಂತಾಯಿತು. ತಣ್ಣೀರು ಕುಡಿದೆ, ನೋವು ನೆತ್ತಿಗೇರಿತು. ತಡೆಯಲಾರದೆ ಎಲೆ ಬಿಟ್ಟು ಎದ್ದುಬಿಟ್ಟೆ.

ಸಾಲಿನಲ್ಲಿದ್ದವರೆಲ್ಲ ಕತ್ತು ತಿರುಗಿಸಿ ನನ್ನತ್ತ ನೋಡಿದರು! ಬೀಗರ ಊಟದಲ್ಲಿ ಹೆಣ್ಣಿನ ಅಪ್ಪನೇ ಎಲೆ ಬಿಟ್ಟು ಎದ್ದರೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

"ಯಾಕ್ ಬೀಗ್ರೇ, ನಮ್ಮನೆ ಊಟ ಇಡಿಸ್ನಿಲ್ವಾ? ನಮ್ದೇನ್ ತಪ್ಪಾಯ್ತು ಏಳಿ," ಎನ್ನುತ್ತ ನಂಜಣ್ಣನವರು ಕೈ ಮುಗಿದರು. ಬಾಗಿಲಲ್ಲಿ ನಿಂತಿದ್ದ ಮಗಳ ಮುಖ ಬಿಳಿಚಿಕೊಂಡಿತು. ಅವಳು ಬಾಳಬೇಕಾದ ಮನೆ! ಮಾನ ಮರ್ಯಾದೆ ಪಕ್ಕಕ್ಕಿಟ್ಟು, ಹುಣಸೆಹಣ್ಣಿನ ಕಥೆಯನ್ನೆಲ್ಲ ಒದರಿಬಿಟ್ಟೆ.

"ಅಯ್ಯೋ ನನ್ ಕರ್ಮವೇ! ಆ ಇಲಿ ನೀವೇನಾ!" ಭಾಗ್ಯ ಹಣೆ ಚಚ್ಚಿಕೊಂಡಳು.

ಅಳಿಯನ ತಂಗಿ ಪದ್ಮಶ್ರೀ, ಕೆ.ಆರ್. ನಗರದಲ್ಲಿ ಹಲ್ಲಿನ ಡಾಕ್ಟರು. ಮೊಬೈಲ್ ಟಾರ್ಚ್ ಹಿಡಿದು ಎಲ್ಲರೆದುರೇ ನನ್ನ ಬಾಯಿ ತೆರೆಸಿದಳು.

"ಏನ್ ಮಾವ ಇದು! ಹುಳೀಲಿ ಆಸಿಡ್ ಇರುತ್ತೆ. ಹಲ್ಲಿನ ಮೇಲಿನ ಎನಾಮಲ್ ಅದಕ್ಕೆ ಕರಗುತ್ತೆ. ಸಾಲದು ಅಂತ ಉಪ್ಪು ಬೇರೆ ಹಾಕಿ ಉಜ್ಜಿದ್ದೀರಾ!"

"ಮತ್ತೆ ಬೆಳೀತದಲ್ವಾ ತಾಯಿ?"

"ಬೆಳೆಯೋಕೆ ಅದೇನು ಉಗುರಾ? ಹೋಗಿದ್ದು ಹೋಯ್ತು."

"ಬೆಳ್ಳಗಾದ್ರೂ ಆಗ್ಯವಾ?"

"ಮೊದಲಿಗಿಂತ ಜಾಸ್ತಿ ಹಳದಿಯಾಗಿದೆ. ಒಳಗಿನ ಹಳದಿ ಪದರ ಕಾಣ್ತಿದೆ!"

ನಾನು ತೆರೆದ ಬಾಯಿ ಮುಚ್ಚಲೇ ಇಲ್ಲ. ನಂಜಣ್ಣನವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಮಗಳೂ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಸಂಬಂಧ ಉಳಿಯಿತಲ್ಲ ಎಂದು ನಾನು ಮತ್ತೆ ಎಲೆ ಮುಂದೆ ಕೂತೆ.

ಎದುರು ಸಾಲಿನಲ್ಲಿ ಮೂಳೆ ಕಡಿಯುತ್ತಿದ್ದ ಬೀಗರ ತಾಯಿ ಪುಟ್ಟಸಿದ್ದಮ್ಮ ನನ್ನನ್ನೇ ಮರುಕದಿಂದ ನೋಡಿದರು. ಬಾಯಿಗೆ ಕೈ ಹಾಕಿ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಹೊರಗೆ ತೆಗೆದರು. ಲೋಟದ ನೀರಿನಲ್ಲಿ ಜಾಲಿಸಿ, ನನ್ನ ಎಲೆಯ ಪಕ್ಕ ಇಟ್ಟರು.

"ತಕಳಪ್ಪ, ಇದ್ನ ಆಕ್ಕೊಂಡು ಉಣ್ಣು. ನಾನು ಆಮ್ಯಾಕೆ ಉಣ್ತೀನಿ."