ಟೆನಿಸ್ ಚಕ್ರವರ್ತಿಯೂ ನಮ್ಮ ಮನೆಯ ಸಗಣಿಯೂ

ಕಣ್ಣಾರೆ ಕಾಣದವರ ಬಗ್ಗೆ ಜಗಳಾಡುವ ಸುಖ ಕಂಡವರ ಬಗ್ಗೆ ಸಿಗುವುದಿಲ್ಲ. ನಮ್ಮ ಮನೆಯವರೂ ಪಕ್ಕದ ಮನೆಯ ಶಾಮರಾಯರೂ ಧಾರವಾಡದ ವಕೀಲರು. ಆಡಿಕೊಳ್ಳಲು ಇಬ್ಬರಿಗೂ ಬೇಕಾದಷ್ಟು ಬೀಗರಿದ್ದರು. ಅದನ್ನು ಬಿಟ್ಟು, ಭೂಮಿ ಹುಟ್ಟಿದಾಗಿನಿಂದ ಅತಿ ದೊಡ್ಡ ಟೆನಿಸ್ ಆಟಗಾರ ಯಾರೆಂದು ನಮ್ಮ ಕಟ್ಟೆಯ ಮೇಲೆ ಕೂತು ಕಾದಾಡುತ್ತಿದ್ದರು. ನಮ್ಮವರ ಪಾಲಿಗೆ ಫ್ರಾನ್ಸಿನ ಒಬ್ಬ ಸಣಕಲ. ರಾಯರ ಪಾಲಿಗೆ ಅಮೇರಿಕದ ಒಬ್ಬ ಉದ್ದ ಮನುಷ್ಯ. “ನಮ್ಮಾಂವ ಹೊಡದ ಚೆಂಡು ಕಣ್ಣಿಗಿ ಕಾಣ್ಸೂದ ಇಲ್ಲ” ಎಂದು ರಾಯರು ಅಂದರೆ, “ಚಾಳೀಸು ಹಾಕ್ಕೊಳ್ರಿ, ಕಾಣ್ತದ” ಎನ್ನುವರು ನಮ್ಮವರು. ಆ ಇಬ್ಬರನ್ನೂ ಇವರು ಕಂಡದ್ದು ಮುಂಬಯಿ ಪತ್ರಿಕೆಯ ಮಸಿ ಹರಡಿದ ಚಿತ್ರದಲ್ಲಿ. ನನಗಂತೂ ಇಬ್ಬರೂ ನೊಣ ಹೊಡೆಯುವವರ ಹಾಗೆಯೇ ಕಂಡರು.

ಜಗಳ ಕಟ್ಟೆಯ ಮೇಲೇ ಇದ್ದಿದ್ದರೆ ನನಗೇನು? ಆದರೆ ನಮ್ಮ ಹಿತ್ತಲಲ್ಲಿ ಒಂದು ಟೆನಿಸ್ ಅಂಗಳವಿತ್ತು. ಅದನ್ನು ವಾರವಾರವೂ ಸಗಣಿಯಿಂದ ಸಾರಿಸಬೇಕು. ಇಲ್ಲದಿದ್ದರೆ ಧೂಳೆದ್ದು ಆಟ ಕೆಡುತ್ತದಂತೆ. ಎರಡೂ ಎಮ್ಮೆಗಳ ಸಗಣಿ ಅಲ್ಲಿಗೇ ಹೋದರೆ ನಾನು ಉರುವಲಿಗೆ ಕುಳ್ಳು ತಟ್ಟುವುದು ಯಾವುದರಿಂದ? ಮಳೆಗಾಲ ಹತ್ತಿರ ಬಂದಿತ್ತು, ಕುಳ್ಳು ಒಟ್ಟುವ ಜಾಗ ಖಾಲಿ ಬಿದ್ದಿತ್ತು. ಬಚ್ಚಲ ಹಂಡೆಗೆ ಉರಿ ಹಾಕಲು ಫ್ರಾನ್ಸಿನವನು ಬರುತ್ತಾನೆಯೇ?

ಕೊನೆಗೊಂದು ದಿನ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ನಮ್ಮವರು ಫ್ರಾನ್ಸಿನವನ ಪರವಾಗಿ, ರಾಯರು ಅಮೇರಿಕದವನ ಪರವಾಗಿ ಆಡುವುದು. ಗೆದ್ದವರ ಕಡೆಯವನೇ ಸಾರ್ವಕಾಲಿಕ ಶ್ರೇಷ್ಠ. ವಕೀಲರಲ್ಲವೇ, ಕಕ್ಷಿದಾರ ಊರಲ್ಲಿರಬೇಕೆಂದೇನೂ ಇಲ್ಲ.

“ಆಡ್ರಿ,” ಅಂದೆ ನಾನು. “ಆದ್ರ ನೀವು ಸೋತ್ರ ಅಂಗಳ ಬಂದ್. ಎಮ್ಮಿ ಹೆಂಡಿ ಎಲ್ಲಾ ನನ್ನ ಕುಳ್ಳಿಗಿ.”

“ಸೋತ್ರ ಅಲ್ಲಾ?” ಎಂದು ನಮ್ಮವರು ಕಚ್ಚೆ ಬಿಗಿದರು.

ಸುಣ್ಣ ತೀರಿದ್ದರಿಂದ ರಂಗೋಲಿ ಪುಡಿ ಹಿಡಿದು ನಾನೇ ಗೆರೆ ಎಳೆದೆ. ನೇರವಾಗಿಯೇ ಬಂತು. ರಾಯರ ಕಡೆಯ ಮೂಲೆಗೆ ಬಂದಾಗ ಮಾತ್ರ, ಇಷ್ಟು ವರ್ಷದ ರೂಢಿ ನೋಡಿ, ಕೈ ತಾನಾಗಿ ತಿರುಗಿ ಒಂದು ಕಮಲ ಬಿಡಿಸಿಬಿಟ್ಟಿತು. ಎಸಳುಗಳು ಗೆರೆಯಾಚೆ ಗೇಣುದ್ದ ಚಾಚಿಕೊಂಡವು.

ಆಟದ ಬಗ್ಗೆ ಹೇಳದಿರುವುದೇ ಮರ್ಯಾದೆ. ಫ್ರಾನ್ಸು ಏದುಸಿರು ಬಿಡುತ್ತಿತ್ತು. ಅಮೇರಿಕದ ಧೋತರ ಮೇಲಿಂದ ಮೇಲೆ ಜಾರುತ್ತಿತ್ತು. ಇಬ್ಬರೂ ಸರಿಸಮ ಬಂದು, ಇನ್ನೊಂದೇ ಹೊಡೆತಕ್ಕೆ ತೀರ್ಮಾನ ಎನ್ನುವಾಗ ನಮ್ಮವರು ಹೊಡೆದ ಚೆಂಡು ಹೋಗಿ ಆ ಕಮಲದ ಎಸಳಿನ ಮೇಲೆ ಬಿತ್ತು.

“ಹೊರಗ!” ಎಂದರು ರಾಯರು.

“ಒಳಗ! ಗೆರಿ ಮುಟ್ಟಿದ್ರ ಒಳಗ, ಕಾಯ್ದೆನ ಅದ!” ಎಂದರು ನಮ್ಮವರು.

“ಅದು ಗೆರಿ ಅಲ್ಲೋ ಮಾರಾಯಾ, ಎಸಳು! ವೈನಿ, ಎಳದಾವ್ರು ನೀವು, ನೀವ ಹೇಳ್ರಿ.”

ಹೊರಗೆ ಎಂದರೆ ಸಾಕಿತ್ತು, ಮಳೆಗಾಲವಿಡೀ ಬಿಸಿನೀರು. ಹೇಳಲು ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ರಾಯರು ಬಗ್ಗಿ ನೋಡಿ, “ಏನಿದು ವೈನಿ, ಕಮಲಾನೋ ಕ್ಯಾಬೀಜ ಗಡ್ಡೀನೋ? ಕೈತಪ್ಪಿ ಪುಡಿ ಚೆಲ್ಲೀರೇನು?” ಅಂದರು.

“ಒಳಗ,” ಅಂದೆ. “ನನ್ನ ಗೆರಿ ಎಲ್ಲಿತನಕ ಅದ ಅಂತ ನನಗ ಗೊತ್ತದ ರಾಯರ. ಎಸಳಿನ ತುದೀತನಕ ಅದ.”

ಹೀಗೆ ಫ್ರಾನ್ಸಿನ ಸಣಕಲ ಸಾರ್ವಕಾಲಿಕ ಶ್ರೇಷ್ಠನಾದ. ಪಾಪ, ಅವನಿಗೆ ಇನ್ನೂ ಸುದ್ದಿ ಮುಟ್ಟಿರಲಿಕ್ಕಿಲ್ಲ. ಆ ಮಳೆಗಾಲ ಹಸಿ ಕಟ್ಟಿಗೆ ಊದಿ ಊದಿ ನನ್ನ ಕಣ್ಣು ಕೆಂಪಾದವು, ನೀರು ಮಾತ್ರ ಬೆಚ್ಚಗಾಗಲಿಲ್ಲ. ಮಳೆ ನಿಂತ ಮೇಲೆ ಸಗಣಿ ಕಲಸಿ ಅಂಗಳವನ್ನು ಮತ್ತೆ ಸಾರಿಸಿ ಗೆರೆ ಎಳೆದೆ. ಈಗ ನಾಲ್ಕೂ ಮೂಲೆಗೆ ಕಮಲಗಳಿವೆ. ಹಾಕೆಂದು ಯಾರೂ ಹೇಳಿರಲಿಲ್ಲ.