ಮಡಿಲಿನಿಂದ ಹಾರಿದ ದೋಸೆ ಹಿಟ್ಟು

ಹಿಟ್ಟು ಚೆಲ್ಲಿದ್ದು ಬ್ರೇಕಿನಿಂದಲ್ಲ, ನನ್ನ ಜಂಬದಿಂದ. ನನ್ನ ಮರ್ಯಾದೆ ಉಳಿಸಲು ಮನೆಯವರು ಬ್ರೇಕಿನಿಂದ ಅನ್ನುತ್ತಾರೆ. ಅನ್ನಲಿ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ವೆಸ್ಟ್ ಮಾಂಬಲಂನ ಮನೆಯಲ್ಲಿ ರುಬ್ಬಿದ ಹಿಟ್ಟನ್ನು ಮೂವತ್ತು ವರ್ಷ ಸೈಕಲ್ ರಿಕ್ಷಾದಲ್ಲಿ, ಮಡಿಲಲ್ಲಿಟ್ಟುಕೊಂಡು ನಮ್ಮ ಹೋಟೆಲಿಗೆ ಮುಟ್ಟಿಸಿದವಳು. ಒಂದು ತೊಟ್ಟು ಚೆಲ್ಲಿದ್ದಿಲ್ಲ! ಹಾಗಾಗಿ ಸೊಸೆ ವಿದ್ಯಾ ಕಾರಿನ ಹಿಂದಿನ ಸೀಟಿಗೆ ಮಕ್ಕಳ ಕುರ್ಚಿಯೊಂದನ್ನು ಬಿಗಿದದ್ದು ನೋಡಿ ನಗು ಬಂತು. ಐದು ಪಟ್ಟಿ, ನಡುವೆ ಕೆಂಪು ಗುಂಡಿ. ಅದರೊಳಗೆ ಮೂರು ವರ್ಷದ ಮೊಮ್ಮಗಳು ಚಿನ್ನು.

“ಎಂತದು ವಿದ್ಯಾ, ಮಗುವನ್ನು ಕಟ್ಟಿ ಹಾಕುವುದಾ? ಇಲ್ಲಿ ಕೊಡು. ನನ್ನ ಮಡಿಲು ಎಂತಕ್ಕೆ ಉಂಟು?”

“ಮಡಿಲಲ್ಲಿ ಕೂರಿಸುವ ಹಾಗಿಲ್ಲ ಅತ್ತೆ. ಕಾನೂನು ಉಂಟು.”

“ಕಾನೂನು ಎಷ್ಟು ಮಕ್ಕಳನ್ನು ಹೆತ್ತಿದೆ? ನಾನು ನಾಲ್ಕು!”

“ಬ್ರೇಕ್ ಹಾಕಿದರೆ ಯಾರ ಕೈಯಲ್ಲೂ ಮಗು ನಿಲ್ಲುದಿಲ್ಲ. ನೀವೂ ಬೆಲ್ಟ್ ಹಾಕಿ.”

“ಸೀರೆ ಮುದ್ದೆ ಆಗ್ತದೆ.”

ಮಗುವನ್ನು ಕೊಡಲೇ ಇಲ್ಲ. ಸರಿ, ನುಂಗಂಬಾಕ್ಕಂನ ಮಗಳ ಮನೆಗೆಂದು ತಂದಿದ್ದ ದೋಸೆ ಹಿಟ್ಟಿನ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಚಿನ್ನುವಿನ ಪಕ್ಕ ಕೂತೆ.

“ಮಡಿಲು ಅಂದ್ರೆ ಎಂತ ಅಂತ ತೋರಿಸ್ತೇನೆ, ನೋಡು.”

ತೋರಿಸಿದೆ.

ಗಲ್ಲಿಯ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ವಿದ್ಯಾ ಬ್ರೇಕ್ ಒತ್ತಿದಳು. ದೊಡ್ಡ ವೇಗವೇನೂ ಇರಲಿಲ್ಲ. ಆದರೂ ಎರಡೂ ಕೈಯಲ್ಲಿ ಅಪ್ಪಿ ಹಿಡಿದಿದ್ದ ಪಾತ್ರೆ ನನ್ನನ್ನು ಒಂದು ಮಾತೂ ಕೇಳದೆ ಮುಂದಿನ ಸೀಟುಗಳ ಸಂದಿಯಿಂದ ಹೊರಟೇಹೋಯಿತು! ಹಿಟ್ಟು ಗಾಜಿಗೆ, ರೇಡಿಯೋಗೆ, ವಿದ್ಯಾಳ ಜಡೆಗೆ. ನನ್ನ ಹಣೆ ಮುಂದಿನ ಸೀಟಿಗೆ. ಎಮ್ಮೆ ನಿಂತು ನೋಡಿತು.

ಮಗು! ತಿರುಗಿದೆ.

ಚಿನ್ನು ಕೂತಲ್ಲೇ ಇದ್ದಳು. ಐದು ಪಟ್ಟಿಗಳೂ ಒಂದು ಕೈಯ ಐದು ಬೆರಳಿನ ಹಾಗೆ ಹಿಡಿದುಕೊಂಡಿದ್ದವು. ಕೈಯಲ್ಲಿದ್ದ ಬಿಸ್ಕತ್ತೂ ಬಿದ್ದಿರಲಿಲ್ಲ.

“ಪಾಟ್ಟಿ, ಇನ್ನೊರು ತಡವೆ!” ಎಂದು ಈ ಊರಿನ ತಮಿಳಿನಲ್ಲಿ ಕೂಗಿದಳು. ಇನ್ನೊಂದು ಸಲ ಮಾಡಬೇಕಂತೆ, ಈ ಅಜ್ಜಿ!

ನಾನು ಖಾಲಿ ಮಡಿಲು ನೋಡಿಕೊಂಡೆ. ಅಲ್ಲಿ ಪಾತ್ರೆಯ ಬದಲು ಇವಳಿದ್ದಿದ್ದರೆ? ಹಿಟ್ಟು ಮೆತ್ತಿದ ಕೈಯಲ್ಲೇ ಆ ಕುರ್ಚಿಗೆ ಕೈ ಮುಗಿದೆ. ದೇವರಿಗೂ ಅಷ್ಟು ಭಕ್ತಿಯಿಂದ ಮುಗಿದವಳಲ್ಲ.

“ಈಗಾದ್ರೂ ಬೆಲ್ಟ್ ಹಾಕ್ತೀರಾ ಅತ್ತೆ?”

ಹಾಕಹೋದೆ. ಸಿಕ್ಕಿಸುವ ತೂತಿನ ತುಂಬ ಹಿಟ್ಟು!

ಮರುದಿನ ಬೆಳಿಗ್ಗೆ ಎಲ್ಲರೂ ಏಳುವ ಮೊದಲೇ ಹಳೆಯ ಟೂತ್ ಬ್ರಷ್ ಹಿಡಿದು ಕಾರಿನಲ್ಲಿ ಕೂತೆ. ಹಿಟ್ಟು ಚೆನ್ನಾಗಿ ಹುಳಿ ಬಂದಿತ್ತು. ಕೆರೆದು ಕೆರೆದು ಕೊನೆಗೆ ಬೆಲ್ಟ್ ಕಟ್ ಎಂದು ಕೂತಿತು.

ಬಿಚ್ಚುವುದು ಹೇಗೆಂದು ಗೊತ್ತಾಗಲಿಲ್ಲ. ವಿದ್ಯಾ ಎದ್ದು ಹುಡುಕಿಕೊಂಡು ಬರುವ ತನಕ ಅಲ್ಲೇ ಕೂತಿದ್ದೆ.